ಹಾಲ್‌ಗೆ ಪೈನ್ ಟೀಪಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮರಗೆಲಸದ ಶೆಡ್ಡಿಗೆ ಬರುವವರು, ಫೋನ್ ಮಾಡುವವರು, ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ 'ಇದು ತಗೋಬಹುದಾ ಸಾರ್' ಅನ್ನುವವರು ಕೇಳುವುದು ಹೆಚ್ಚುಕಮ್ಮಿ ಇವನ್ನೇ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ.

## ಮೊದಮೊದಲ ಅನುಮಾನಗಳು

ಪೈನ್ ಅಂದ್ರೆ ಪ್ಯಾಕಿಂಗ್ ಪೆಟ್ಟಿಗೆ ಮರ ಅಲ್ವಾ? ಅದನ್ನ ತಂದು ಹಾಲ್‌ನಲ್ಲಿ ಇಡೋದಾ?

ಪೆಟ್ಟಿಗೆಗೂ ಪೈನ್ ಬಳಸುತ್ತಾರೆ, ಪೀಠೋಪಕರಣಕ್ಕೂ ಬಳಸುತ್ತಾರೆ. ವ್ಯತ್ಯಾಸ ಇರುವುದು ಹಲಗೆ ಆರಿಸುವುದರಲ್ಲಿ, ಒಣಗಿಸುವುದರಲ್ಲಿ. ಪೆಟ್ಟಿಗೆಗೆ ಗಂಟು ಬಿದ್ದದ್ದು, ಅರೆ ಒಣಗಿದ್ದು, ಸೊಟ್ಟಗಿದ್ದದ್ದು ಎಲ್ಲ ನಡೆಯುತ್ತದೆ. ಟೀಪಾಯಿಗೆ ನಡೆಯಬಾರದು. ಸ್ವೀಡನ್, ನಾರ್ವೆ ಕಡೆ ಮನೆಯ ನೆಲಕ್ಕೇ ಪೈನ್ ಹಲಗೆ ಹಾಸುತ್ತಾರೆ, ತಲೆಮಾರುಗಟ್ಟಲೆ ಅದರ ಮೇಲೆ ಓಡಾಡುತ್ತಾರೆ. ಮರ್ಯಾದೆ ಕಡಿಮೆ ಇರುವುದು ನಮ್ಮಲ್ಲಿ ಮಾತ್ರ. ತೇಗ, ಬೀಟೆ ನೋಡಿ ಬೆಳೆದ ಕಣ್ಣು ನಮ್ಮದು.

ಗಟ್ಟಿ ಇರುತ್ತಾ?

ಭಾರ ಹೊರಲು ಗಟ್ಟಿ, ಏಟು ತಾಳಲು ಮೆದು. ಇವೆರಡೂ ಬೇರೆ ಬೇರೆ. ಟೀಪಾಯಿಯ ಮೇಲೆ ದೊಡ್ಡವರು ಕೂತರೂ ಒಳ್ಳೆಯ ಜೋಡಣೆಯ ಪೈನ್ ಮುರಿಯುವುದಿಲ್ಲ. ಆದರೆ ರಿಮೋಟಿನ ಮೂಲೆ ಬಡಿದರೆ ಗುಳಿ ಬೀಳುತ್ತದೆ.

ಮೇಲ್ಮೈ ಗಡಸುತನ ಅಳೆಯಲು ಜಾಂಕಾ ಎಂಬ ಪರೀಕ್ಷೆ ಇದೆ. ಸುಮಾರು 11.3 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ಆ ಅಳತೆಯಲ್ಲಿ ನ್ಯೂಜಿಲೆಂಡ್ ಪೈನ್ ಎಂದು ಮಾರುವ ರೇಡಿಯಾಟಾ ಪೈನ್ ಸುಮಾರು 710 ಪೌಂಡ್ ಬಲ, ತೇಗ ಸುಮಾರು 1,070, ಬೀಟೆ 2,400ಕ್ಕೂ ಮೇಲೆ. ಅಂದರೆ ಪೈನ್ ತೇಗದ ಮೂರನೇ ಎರಡರಷ್ಟು. ಒಂದು ಗೀರು ಬಿದ್ದರೂ ನಿದ್ದೆ ಬಾರದ ಜಾಯಮಾನ ನಿಮ್ಮದಾದರೆ ಪೈನ್ ಬೇಡ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ವ್ಯಾಪಾರ ಹೋದರೂ ಸರಿ.

ನ್ಯೂಜಿಲೆಂಡ್ ಪೈನ್ ಅಂತಾರೆ, ಅಲ್ಲಿಂದ ಬರುತ್ತಾ ನಿಜವಾಗ್ಲೂ?

ಬರುತ್ತದೆ. ಗುಜರಾತಿನ ಗಾಂಧಿಧಾಮದ ಮರ ಕೊಯ್ಯುವ ಮಿಲ್ಲುಗಳು ನಡೆಯುವುದೇ ಕಾಂಡ್ಲಾ ಬಂದರಿಗೆ ಬಂದಿಳಿಯುವ ಇಂಥ ದಿಮ್ಮಿಗಳಿಂದ. ರೇಡಿಯಾಟಾ ಪೈನ್ ಮೂಲತಃ ಕ್ಯಾಲಿಫೋರ್ನಿಯಾ ಕರಾವಳಿಯ ಮರ. ನ್ಯೂಜಿಲೆಂಡಿನ ನೆಡುತೋಪುಗಳಲ್ಲಿ ಈಗ ಹೆಚ್ಚುಕಮ್ಮಿ ಅದರದ್ದೇ ದರ್ಬಾರು. 25ರಿಂದ 30 ವರ್ಷಕ್ಕೆ ಕಡಿಯುತ್ತಾರೆ. ಬೇಗ ಬೆಳೆದದ್ದರಿಂದ ಬೆಳವಣಿಗೆಯ ಉಂಗುರಗಳು ಅಗಲ, ಬಣ್ಣ ತಿಳಿ. ಯುರೋಪಿನ ಚಳಿಯಲ್ಲಿ ಬೆಳೆದ ಸ್ಕಾಟ್ಸ್ ಪೈನ್‌ಗೆ ಉಂಗುರಗಳು ಒತ್ತೊತ್ತು, ತಿರುಳು ಕೆಂಪಗೆ. ನಮ್ಮ ಹಿಮಾಲಯದ ಚೀಡ್ ಪೈನ್‌ನಲ್ಲಿ ರಾಳ ಹೆಚ್ಚು. ಊಟಿ, ಕೊಡೈಕೆನಾಲ್‌ನಲ್ಲಿ ನೀವು ಫೋಟೊ ತೆಗೆಸಿಕೊಳ್ಳುವ ತೋಪಿನ ಮರ ನಮ್ಮ ಅಂಗಡಿಗಳಿಗೆ ಬರುವುದಲ್ಲ.

ಎಷ್ಟು ಉದ್ದ, ಎಷ್ಟು ಎತ್ತರ ತಗೋಬೇಕು?

ಎತ್ತರಕ್ಕೆ ಸೋಫಾದ ಸೀಟೇ ಅಳತೆಗೋಲು. ಸೀಟಿನ ಮಟ್ಟಕ್ಕೆ, ಇಲ್ಲವೇ ಒಂದೆರಡು ಇಂಚು ಕೆಳಗೆ, ಅಂದರೆ 16ರಿಂದ 18 ಇಂಚು. ದಿವಾನ ಅಥವಾ ನೆಲಹಾಸಿನ ಮೇಲೆ ಕೂರುವ ಮನೆಯಾದರೆ 12 ಇಂಚು ಸಾಕು.

ಉದ್ದ ಸೋಫಾದ ಮೂರನೇ ಎರಡು ಭಾಗ ಇರಬೇಕು ಎಂಬ ಮಾತು ಚಾಲ್ತಿಯಲ್ಲಿದೆ. ಆ ಪ್ರಕಾರ ಆರೂವರೆ ಅಡಿ ಸೋಫಾಕ್ಕೆ ನಾಲ್ಕು ಅಡಿ ಚಿಲ್ಲರೆ. ನಮ್ಮ ಹತ್ತು-ಹನ್ನೆರಡರ ಹಾಲ್‌ಗೆ ಅದು ದೊಡ್ಡದಾಯಿತು ಅನ್ನುವುದು ನನ್ನ ಅಭಿಪ್ರಾಯ. ಸೋಫಾಕ್ಕೂ ಟೇಬಲ್ಲಿಗೂ ನಡುವೆ 14ರಿಂದ 18 ಇಂಚು, ಓಡಾಡುವ ಕಡೆ ಎರಡೂವರೆ ಅಡಿ ಬಿಟ್ಟು, ಉಳಿದದ್ದರಲ್ಲಿ ಏನು ಕೂರುತ್ತದೋ ಅದೇ ನಿಮ್ಮ ಅಳತೆ. ನೆಲದ ಮೇಲೆ ಹಳೆಯ ಪೇಪರ್ ಹಾಸಿ ಎರಡು ದಿನ ಸುತ್ತ ಓಡಾಡಿ ನೋಡಿ. ಯಾರಾದರೂ ಪೇಪರ್ ತುಳಿದರೆ ಅಲ್ಲಿ ಮೊಣಕಾಲು ಬಡಿಯುತ್ತದೆ ಅಂತಲೇ ಲೆಕ್ಕ.

ಗೌರಿ ಹಬ್ಬಕ್ಕೋ ಸತ್ಯನಾರಾಯಣ ಪೂಜೆಗೋ ಹಾಲ್ ಖಾಲಿ ಮಾಡುವ ಮನೆ ನಿಮ್ಮದಾದರೆ ಪೈನ್ ಇಲ್ಲಿ ಗೆಲ್ಲುತ್ತದೆ. ನಾಲ್ಕಕ್ಕೆ ಎರಡಡಿಯ ಸಾಲಿಡ್, ಅಂದರೆ ಪೂರ್ತಿ ಮರದ, ಟೇಬಲ್ ಹದಿನೈದು ಕೆಜಿ ಆಸುಪಾಸು. ಅದೇ ಅಳತೆಯ ತೇಗ ಇಪ್ಪತ್ತಕ್ಕೆ ಹತ್ತಿರ.

ಊರಲ್ಲಿ ಸಿಲ್ವರ್ ಓಕ್, ಹಲಸು ಇದೆ. ಆದ್ರೂ ಪೈನ್ ಯಾಕೆ?

ಇದ್ದರೆ ಬೇಡ. ಸ್ವಂತ ತೋಟದ ಹಲಸಿನ ಹಲಗೆ ಅಟ್ಟದಲ್ಲಿ ಒಣಗಿ ಕೂತಿದ್ದರೆ ಪೈನ್ ವಿಚಾರವನ್ನೇ ಬಿಡಿ. ಹಲಸು ಅದಕ್ಕಿಂತ ಗಡಸು, ತಿರುಳಿಗೆ ಗೆದ್ದಲು ಸುಲಭಕ್ಕೆ ಬೀಳದು, ವರ್ಷ ಕಳೆದಂತೆ ಬಣ್ಣವೂ ಏರುತ್ತದೆ. ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕೂಡ ಚೆನ್ನ, ಒಣಗಿಸುವಾಗ ತಿರುಚಿಕೊಳ್ಳದಂತೆ ನೋಡಿಕೊಂಡರೆ. ಪೈನ್ ಬೇಕಾಗುವುದು ತಿಳಿಬಣ್ಣ, ಹಗುರ, ಕಡಿಮೆ ಬೆಲೆ ಮೂರೂ ಒಟ್ಟಿಗೆ ಬೇಕೆನ್ನುವವರಿಗೆ.

## ಅಂಗಡಿಯಲ್ಲಿ ನಿಂತಾಗ

ಸಾಲಿಡ್ ಪೈನ್ ಅಂತ ಬೋರ್ಡ್ ಹಾಕಿದ್ದಾರೆ. ನಂಬೋದು ಹೇಗೆ?

ಬಗ್ಗಿ ಟೇಬಲ್ಲಿನ ಅಡಿ ನೋಡಿ. ಮೇಲೆ ಗಂಟು ಇರುವ ಜಾಗದಲ್ಲೇ ಕೆಳಗೂ ಗಂಟಿನ ಗುರುತು ಇರಬೇಕು. ಎರಡು ಕಡೆಗೂ ಸಂಬಂಧವೇ ಇಲ್ಲದಿದ್ದರೆ ಮೇಲಿರುವುದು ವಿನಿಯರ್ (ಮರದ ತೆಳು ಹಾಳೆ) ಇಲ್ಲವೇ ಪ್ರಿಂಟ್ ಹಾಳೆ. ಆಮೇಲೆ ಹಲಗೆಯ ತುದಿಗೆ ಬನ್ನಿ. ಮೇಲಿನ ಗೆರೆ ಅಂಚಿನಲ್ಲಿ ಮಡಿಚಿಕೊಂಡು ತುದಿಯಲ್ಲಿ ಕಮಾನಾಗಿ ಇಳಿದರೆ ಅದು ನಿಜವಾದ ಮರ. ಅಂಚಿಗೆ ಪಟ್ಟಿ ಅಂಟಿಸಿದ್ದರೆ ಒಳಗೆ ಏನಿದೆ ಎಂದು ಕೇಳಿ. ಪೈನ್ ಬ್ಲಾಕ್‌ಬೋರ್ಡ್ ಎಂದರೆ ಒಳಗೆ ಪೈನ್ ಪಟ್ಟಿಗಳು, ಎರಡೂ ಮೈಗೆ ವಿನಿಯರ್. ವಾರ್ಡ್‌ರೋಬಿಗೆ ಅದು ಒಳ್ಳೆಯದೇ, ಆದರೆ ಸಾಲಿಡ್ ಅನ್ನುವ ಹೆಸರಿಗೆ ಸಲ್ಲದು.

ಅಡಿಭಾಗದಲ್ಲಿ ಕಾಣದ ಕಡೆ ಹೆಬ್ಬೆರಳ ಉಗುರು ಒತ್ತಿ. ಸಣ್ಣ ಅರ್ಧಚಂದ್ರ ಮೂಡುತ್ತದೆ. ಪೈನ್‌ಗೆ ಅದು ಸಹಜ. ಉಗುರು ಸಲೀಸಾಗಿ ಒಳಗೇ ಇಳಿದರೆ ಆ ಹಲಗೆ ಬೇಡ.

ಹಲಗೆ ಮಧ್ಯೆ ಬಾಚಣಿಗೆ ಹಲ್ಲಿನ ಥರ ಜೋಡಣೆ ಕಾಣ್ತಿದೆ. ತುಂಡು ಸೇರಿಸಿದ್ದಾರೆ ಅಂತ ತಾನೇ?

ಹೌದು, ಅದು ಫಿಂಗರ್ ಜಾಯಿಂಟ್. ಮೋಸ ಅಂದುಕೊಳ್ಳಬೇಡಿ. ಗಂಟುಗಳನ್ನು ಕತ್ತರಿಸಿ ತೆಗೆದು, ಚೊಕ್ಕ ತುಂಡುಗಳನ್ನು ಹಲ್ಲಿಗೆ ಹಲ್ಲು ಕೂರಿಸಿ ಅಂಟಿಸಿರುತ್ತಾರೆ. ಅಗಲವಾದ ಒಂದೇ ಹಲಗೆಗಿಂತ ಇದು ಡೊಂಕಾಗುವುದು ಕಡಿಮೆ. ಒಪ್ಪಿಗೆಯಾಗದಿದ್ದರೆ ಅದು ಕಣ್ಣಿನ ಪ್ರಶ್ನೆ ಅಷ್ಟೆ. ಬೆಲೆ ಮಾತ್ರ ಉದ್ದನೆಯ ಅಖಂಡ ಪಟ್ಟಿಗಳ ಟೇಬಲ್ಲಿನದ್ದನ್ನು ಹೇಳಿದರೆ ಚೌಕಾಸಿ ಮಾಡಿ.

ಗಂಟು ಇದ್ರೆ ಬಿಟ್ಟುಬಿಡಬೇಕಾ?

ಯಾವ ಗಂಟು, ಎಲ್ಲಿದೆ, ಅದನ್ನು ನೋಡಿ. ಕೊಂಬೆ ಜೀವಂತವಿದ್ದಾಗ ಮರದೊಳಗೆ ಸೇರಿದ ಗಂಟು ಸುತ್ತಲಿನ ನಾರಿಗೆ ಅಂಟಿಕೊಂಡಿರುತ್ತದೆ, ಕಂದು ಬಣ್ಣ. ಅದು ಚಂದ, ಗಟ್ಟಿ ಕೂಡ. ಸತ್ತ ಕೊಂಬೆಯ ಗಂಟಿನ ಸುತ್ತ ಕಪ್ಪು ತೊಗಟೆಯ ಬಳೆ ಕಾಣುತ್ತದೆ. ಒಣಗಿದ ಮೇಲೆ ಅದು ಸಡಿಲವಾಗಿ, ಒಂದು ದಿನ ಉದುರಿ ತೂತು ಬಿಡುತ್ತದೆ. ಮೇಲ್ಹಲಗೆಯಲ್ಲಿ ಜೀವಂತ ಗಂಟು ಎಷ್ಟಿದ್ದರೂ ಇರಲಿ. ಕಾಲಿನಲ್ಲಿ, ಜೋಡಣೆಯ ಹತ್ತಿರ ಯಾವ ಗಂಟೂ ಬೇಡ.

ಅಲ್ಲಲ್ಲಿ ನೀಲಿ ಛಾಯೆ ಇದೆ, ಕೊಳೆತಿದೆಯಾ?

ಇಲ್ಲ. ಕಡಿದ ಮರ ಒಣಗಲು ತಡವಾದಾಗ ಬರುವ ಒಂದು ಶಿಲೀಂಧ್ರದ ಕಲೆ. ಬಲ ಕುಗ್ಗಿಸುವುದಿಲ್ಲ. ಒರೆಸಿದರೆ ಕೈಗೆ ಪುಡಿ ಹತ್ತಿ ಮುಗ್ಗಲು ವಾಸನೆ ಬಂದರೆ ಅದು ಬೂಸ್ಟು, ಮರ ಇನ್ನೂ ಹಸಿ.

ಬಡಗಿ ಸಿಎಫ್‌ಟಿ ಲೆಕ್ಕ ಹೇಳ್ತಾರೆ, ನಂಗೆ ತಲೆಬುಡ ಅರ್ಥ ಆಗಲ್ಲ.

ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಬರೆದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಬಂದದ್ದೇ ಘನ ಅಡಿ. 4 ಅಡಿ ಉದ್ದ, 24 ಇಂಚು ಅಗಲ, 1 ಇಂಚು ದಪ್ಪದ ಮೇಲ್ಹಲಗೆಗೆ 0.67. ಎರಡೂವರೆ ಇಂಚು ಚೌಕದ, 16 ಇಂಚಿನ ನಾಲ್ಕು ಕಾಲಿಗೆ 0.23. ಕೆಳಗಿನ ಸುತ್ತುಪಟ್ಟಿಗೆ 0.2ರ ಆಸುಪಾಸು. ಒಟ್ಟು 1.1. ಕತ್ತರಿಸಿ, ಹತ್ತರಿ ಹೊಡೆದು ಹೋಗುವ ಭಾಗ ಸೇರಿಸಿದರೆ 1.4. ಇದಕ್ಕೆ ಯಾರಾದರೂ ಎರಡೂವರೆ ಸಿಎಫ್‌ಟಿ ಅಂದರೆ ಅವರೆದುರೇ ಪೆನ್ನು ಹಿಡಿದು ಕೂತುಕೊಳ್ಳಿ. ಒಂದಿಂಚಿನ ಹಲಗೆ ಹತ್ತರಿ ಹೊಡೆದ ಮೇಲೆ 20 ಮಿ.ಮೀ. ಹತ್ತಿರಕ್ಕೆ ಇಳಿಯುತ್ತದೆ. ಅದು ಸಹಜ, ಜಗಳ ಬೇಡ.

ಪ್ಯಾಲೆಟ್ ಮರದಲ್ಲಿ ಮಾಡಿಸಿದ್ರೆ ಅಗ್ಗ ಅಂತೆ. ಮನೆಯೊಳಗೆ ಸೇಫಾ?

ಪ್ಯಾಲೆಟ್ ಎಂದರೆ ಸರಕು ಪೇರಿಸಿ ಸಾಗಿಸುವ ಮರದ ಹಲಗೆಗಳ ಚೌಕಟ್ಟು. ಮುದ್ರೆ ನೋಡಿ ತೆಗೆದುಕೊಳ್ಳಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ ಐಎಸ್‌ಪಿಎಂ 15 ಎಂಬ ನಿಯಮವಿದೆ. ಸುಟ್ಟು ಒತ್ತಿದ ಮುದ್ರೆಯಲ್ಲಿ ತೆನೆಯಂಥ ಚಿಹ್ನೆ, ದೇಶದ ಎರಡಕ್ಷರ, ಒಂದು ಸಂಖ್ಯೆ, ಕೊನೆಗೆ ಉಪಚಾರದ ಗುರುತು ಇರುತ್ತದೆ. 'ಎಚ್‌ಟಿ' ಇದ್ದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೆಂದಿದೆ ಎಂದರ್ಥ. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಅದನ್ನು ಬಿಟ್ಟುಬಿಡಿ. ಮುದ್ರೆಯೇ ಇಲ್ಲದ್ದನ್ನೂ, ಎಣ್ಣೆ ಅಥವಾ ರಾಸಾಯನಿಕ ಚೆಲ್ಲಿದ ಕಲೆ ಇರುವುದನ್ನೂ ಮುಟ್ಟಬೇಡಿ. ಇನ್ನೊಂದು ಮಾತು, ಎಚ್‌ಟಿ ಎಂದರೆ ಹುಳ ಸತ್ತಿದೆ ಎಂದಷ್ಟೇ, ಮರ ಒಣಗಿದೆ ಎಂದಲ್ಲ.

ಮೊಳೆ ಕೀಳುವುದು, ಸೀಳಿದ ತುದಿ ಕತ್ತರಿಸುವುದು, ಹತ್ತರಿ ಹೊಡೆಯುವುದು, ಇದರ ಕೂಲಿ ಸೇರಿಸಿದರೆ ಅಗ್ಗ ಎಂಬುದು ಅರ್ಧ ಕರಗಿಹೋಗುತ್ತದೆ. ಪ್ಯಾಲೆಟ್ ನೋಟ ಇಷ್ಟವಾದವರು ಮಾಡಿಸಲಿ, ದುಡ್ಡು ಉಳಿಸಲು ಹೊರಟವರು ಬೇಡ.

ಬಾಡಿಗೆ ಮನೆ, ಹನ್ನೊಂದು ತಿಂಗಳಿಗೊಮ್ಮೆ ಬದಲಾಯಿಸ್ತೀವಿ. ಬಿಚ್ಚಿ ಜೋಡಿಸೋದು ತಗೊಳ್ಳೋಣ್ವಾ?

ತೆಗೆದುಕೊಳ್ಳಿ, ಆದರೆ ಕಾಲು ಹೇಗೆ ಕೂತಿದೆ ನೋಡಿ. ಮರಕ್ಕೇ ನೇರವಾಗಿ ಸ್ಕ್ರೂ ಕೊಟ್ಟಿದ್ದರೆ ಎರಡು ಮೂರು ಸಲ ಬಿಚ್ಚುವಷ್ಟರಲ್ಲಿ ಪೈನ್‌ನ ಹಿಡಿತ ಹೋಗುತ್ತದೆ. ಬೋಲ್ಟ್ ಹೋಗಿ ಲೋಹದ ನಟ್ಟಿಗೆ ಕಚ್ಚುವ ಜೋಡಣೆ ಇದ್ದರೆ ನಿಶ್ಚಿಂತೆ. ಸಡಿಲವಾದ ಸ್ಕ್ರೂ ತೂತಿಗೆ ಬಿದಿರು ಕಡ್ಡಿಗೆ ಫೆವಿಕಾಲ್ ಹಚ್ಚಿ ತುರುಕಿ, ಒಂದು ರಾತ್ರಿ ಬಿಟ್ಟು ಮತ್ತೆ ತಿರುಗಿಸಿ.

## ಮನೆಗೆ ಬಂದ ಮೇಲೆ

ಬಿಸಿ ಕಾಫಿ ಲೋಟ ಇಟ್ಟು ಬಿಳಿ ಉಂಗುರ ಬಿದ್ದಿದೆ. ಹೋಗತ್ತಾ?

ಬಿಳಿ ಎಂದರೆ ತೇವ ಪಾಲಿಶ್ ಪದರದಲ್ಲೇ ಸಿಕ್ಕಿಕೊಂಡಿದೆ, ಮರ ತಲುಪಿಲ್ಲ. ಅರಗಿನ ಪಾಲಿಶ್, ಲ್ಯಾಕರ್ ಮೇಲೆ ಇದು ಮಾಮೂಲು. ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ಆಡಿಸುತ್ತಾ ಹಿಡಿಯಿರಿ, ಆಮೇಲೆ ಸ್ವಲ್ಪ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು ಒರೆಸಿ. ಹೆಚ್ಚಿನವು ಹೋಗುತ್ತವೆ. ಡಬರಾದಲ್ಲಿ ಲೋಟ ಇಟ್ಟರೆ ಈ ತಾಪತ್ರಯವೇ ಇಲ್ಲ. ಮಗ್ಗಿನಲ್ಲಿ ಕುಡಿಯುವವರು ಕೋಸ್ಟರ್ ಇಟ್ಟುಕೊಳ್ಳಿ.

ಅರಿಶಿನದ ಕಲೆ ಏನು ಮಾಡಿದ್ರೂ ಹೋಗ್ತಿಲ್ಲ.

ಸೋಪು ಹಾಕಿ ಉಜ್ಜಿದಿರಾ? ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಕಲೆ ಇನ್ನೂ ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲು ಬೀಳುವ ಕಡೆ ಟೇಬಲ್ ಸರಿಸಿ. ಅರಿಶಿನದ ಬಣ್ಣ ಬೆಳಕಿಗೆ ತಾನಾಗಿ ಮಾಸುತ್ತದೆ. ಸುತ್ತಲಿನ ಮರವೂ ಬಿಸಿಲಿಗೆ ಬಣ್ಣ ಏರುವುದರಿಂದ ವಾರಗಟ್ಟಲೆ ಬಿಡಬೇಡಿ, ಮೇಲೆ ಹೂದಾನಿ ಗೀದಾನಿ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಅದರ ಅಚ್ಚು ಉಳಿಯುತ್ತದೆ.

ಮಗು ಸ್ಟೀಲ್ ಲೋಟದಲ್ಲಿ ಕುಟ್ಟಿ ಕುಟ್ಟಿ ಗುಳಿ ಮಾಡಿದೆ.

ನಾರು ತುಂಡಾಗದೆ ಬರೀ ಅಮುಕಿದ್ದರೆ ಮೇಲೆತ್ತಬಹುದು. ಗುಳಿಯ ಮೇಲೆ ಒದ್ದೆ ಹತ್ತಿ ಬಟ್ಟೆ ಇಟ್ಟು, ಕಾದ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಕೆಲವೇ ಸೆಕೆಂಡು ಒತ್ತಿ ತೆಗೆಯಿರಿ. ಆವಿ ಒಳಹೊಕ್ಕು ನಾರು ಉಬ್ಬಿಕೊಳ್ಳುತ್ತದೆ. ಒಂದೆರಡು ಸಲ ಮಾಡಿದರೆ ಬೆರಳಿಗೆ ಸಿಗದಷ್ಟು ಸಮವಾಗುತ್ತದೆ. ಪಿಯು (ಪಾಲಿಯುರೆಥೇನ್ ಪಾಲಿಶ್) ಪದರ ಇದ್ದರೆ ಆವಿ ಒಳಗೆ ಹೋಗದು. ಅಷ್ಟು ಜಾಗಕ್ಕೆ ಮೊದಲು ಮರಳುಕಾಗದ ಉಜ್ಜಿ, ಆಮೇಲೆ ಮತ್ತೆ ಪಾಲಿಶ್ ಹಚ್ಚಬೇಕು. ನನ್ನ ಕೇಳಿದರೆ ಮಗು ದೊಡ್ಡದಾಗುವವರೆಗೆ ಹಾಗೇ ಬಿಡಿ, ಮೂಲೆಗಳನ್ನಷ್ಟೇ ಉರುಟಾಗಿ ಮಾಡಿಸಿ.

ದಿನಾ ನೆಲ ಒರೆಸ್ತೀವಿ, ಕಾಲಿನ ತುದಿ ಕಪ್ಪಾಗ್ತಿದೆ.

ಮರದ ಕಾಲು ತುದಿಯಿಂದ ನೀರನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ಕಾರ್ಖಾನೆಯಲ್ಲೂ ಬಡಗಿಯ ಬಳಿಯಲ್ಲೂ ಹೆಚ್ಚಾಗಿ ಪಾಲಿಶ್ ಹಚ್ಚದೆ ಬಿಡುವ ಜಾಗ ಅದು. ಟೇಬಲ್ ತಲೆಕೆಳಗು ಮಾಡಿ ಒಣಗಲು ಬಿಡಿ. ತುದಿ ಕುಡಿಯುವುದನ್ನು ನಿಲ್ಲಿಸುವವರೆಗೆ ಪಿಯು ಹಚ್ಚಿ, ನೈಲಾನ್ ಗುಂಡಿ ಹೊಡೆಯಿರಿ. ಇಷ್ಟಕ್ಕೆ ಸ್ವಲ್ಪವೇ ಸಾಮಾನು ಸಾಕು. ಹೊಸ ಟೇಬಲ್ ತಂದ ದಿನವೇ ಮಾಡಿದರೆ ಇನ್ನೂ ಒಳ್ಳೆಯದು.

ಕುಟ್ಟೆ ಹಿಡಿಯುತ್ತಾ? ಗೆದ್ದಲು?

ಹಿಟ್ಟಿನಂಥ ನಯ ಪುಡಿ ಉದುರಿಸುವ, ನಮ್ಮಲ್ಲಿ ರಬ್ಬರ್ ಮರವನ್ನು ಹಾಳು ಮಾಡುವ ಲಿಕ್ಟಸ್ ಜಾತಿಯ ದುಂಬಿ ಪೈನ್‌ಗೆ ಬರುವುದಿಲ್ಲ. ಅದಕ್ಕೆ ಅಗಲ ರಂಧ್ರಗಳಿರುವ, ಪಿಷ್ಟ ತುಂಬಿದ ಮರ ಬೇಕು. ಬೇರೆ ಜಾತಿಯ ಕೊರೆಹುಳ ಬರಬಹುದು. ಗೆದ್ದಲು ಮಾತ್ರ ಪೈನ್ ಸಿಕ್ಕರೆ ಬಿಡುವುದಿಲ್ಲ. ಬೋರಾಕ್ಸ್–ಬೋರಿಕ್ ಆ್ಯಸಿಡ್ ದ್ರಾವಣದ ಉಪಚಾರ ಆಗಿದೆಯೇ ಕೇಳಿ. ಮಾಡಿಸುವವರಾದರೆ ಪಾಲಿಶಿಗೆ ಮೊದಲೇ ಹಚ್ಚಿಸಿ, ಪಾಲಿಶ್ ಆದ ಮೇಲೆ ಅದು ಒಳಗಿಳಿಯದು. ಗೋಡೆಯಲ್ಲಿ ಮಣ್ಣಿನ ಗೆರೆ ಕಂಡರೆ ಟೇಬಲ್ಲಿಗಲ್ಲ, ಮನೆಗೆ ಚಿಕಿತ್ಸೆ ಬೇಕು.

ಮೇಲೆ ಗಾಜು ಹಾಕ್ಸಿದ್ರೆ ಎಲ್ಲಾ ತೊಂದರೆ ಮುಗೀತಲ್ವಾ?

ಗೀರು ತಪ್ಪುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಗಾಜಿನಡಿ ತೇವ ನಿಂತು ಬೂಸ್ಟು ಬರುತ್ತದೆ. ಹಾಕಿಸುವುದೇ ಆದರೆ ಟಫನ್ಡ್ ಗಾಜು, ಕೆಳಗೆ ಪಾರದರ್ಶಕ ಗುಂಡಿಗಳ ಮೇಲೆ ಕೂರಿಸಿ.

## ಒಳಹೊಕ್ಕು ಕೇಳುವವರಿಗೆ

ಚೆನ್ನಾಗೇ ಇದ್ದ ಟೇಬಲ್ ಮಾರ್ಚ್‌ನಲ್ಲಿ ಟಪ್ ಅಂತ ಸೀಳ್ತು. ಮರ ಕಳಪೆನಾ?

ಮರ ಸರಿಯಿದ್ದು ಜೋಡಣೆ ತಪ್ಪಿದ್ದಾಗಲೂ ಹೀಗಾಗುತ್ತದೆ. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ಅಗಲಕ್ಕೆ. ಕರಾವಳಿಯ ಮಳೆಗಾಲದಲ್ಲಿ ಮರದ ತೇವ ಶೇ 17–18ಕ್ಕೆ ಏರಿದರೆ, ಬಳ್ಳಾರಿ, ರಾಯಚೂರಿನ ಬೇಸಗೆಯಲ್ಲಿ ಶೇ 6–7ಕ್ಕೆ ಇಳಿಯುತ್ತದೆ. ಎರಡಡಿ ಅಗಲದ ಪೈನ್ ಹಲಗೆ, ತೇವ ಶೇಕಡಾ ನಾಲ್ಕರಷ್ಟು ಇಳಿದಾಗ ಐದಾರು ಮಿಲಿಮೀಟರ್ ಕುಗ್ಗಬಲ್ಲದು. ಕೆಳಗಿನ ಚೌಕಟ್ಟಿಗೆ ನಾಲ್ಕೂ ಕಡೆ ಅಂಟು ಹಾಕಿ ಸ್ಕ್ರೂ ಬಿಗಿದಿದ್ದರೆ ಆ ಐದಾರು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಸೀಳಾಗಿ ಹೊರಬರುತ್ತದೆ.

ಹಾಗಾಗಿ ಅಂಗಡಿಯಲ್ಲಿ ಅಡಿ ನೋಡಿ ಅಂದದ್ದು ಬರೀ ಗಂಟಿಗಲ್ಲ. ಮೇಲ್ಹಲಗೆಯನ್ನು ಹಿಡಿದಿರುವ ಸ್ಕ್ರೂ ತೂತು ಉದ್ದುದ್ದ ಇದೆಯೇ, ಅಥವಾ ಚೌಕಟ್ಟಿನಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಸರಿಯುವ ಮರದ ತುಂಡೋ ಲೋಹದ ಕ್ಲಿಪ್ಪೋ ಇದೆಯೇ? ಇದ್ದರೆ ಮಾಡಿದವನಿಗೆ ಕೆಲಸ ಗೊತ್ತು. ಪಿಯು, ವಾರ್ನಿಷ್ ಈ ಓಡಾಟವನ್ನು ನಿಧಾನ ಮಾಡುತ್ತವೆಯೇ ಹೊರತು ನಿಲ್ಲಿಸಲಾರವು. ಮೇಲೆ ನಾಲ್ಕು ಕೋಟ್ ಹಚ್ಚಿ ಅಡಿಗೆ ಏನೂ ಹಚ್ಚದೆ ಬಿಟ್ಟರೆ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ಒಣಗಿ ಹಲಗೆ ಬಟ್ಟಲಾಗುತ್ತದೆ. ಎರಡೂ ಕಡೆ ಸಮನಾಗಿ ಹಚ್ಚಿಸಿ. ಮಾಡಿಸುವ ಮೊದಲು ತೇವ ಅಳೆಯುವ ಮೀಟರ್ ಇಟ್ಟು ತೋರಿಸಲು ಹೇಳಿ. ಬೆಂಗಳೂರು, ಮೈಸೂರಿಗೆ ಶೇ 10–12 ಇದ್ದರೆ ಸರಿ.

ವಾಲ್‌ನಟ್ ಬಣ್ಣ ಹಚ್ಚಿಸಿದ್ವಿ, ಮಚ್ಚೆ ಮಚ್ಚೆ ಆಯ್ತು.

ಪೈನ್‌ನ ಒಂದೊಂದು ಉಂಗುರದಲ್ಲೂ ಮೆದು ಪಟ್ಟಿ ಒಂದು, ಗಡಸು ಪಟ್ಟಿ ಒಂದು. ಮೆದುವಾದದ್ದು ಬಣ್ಣ ಕುಡಿಯುತ್ತದೆ, ಗಡಸಾದದ್ದು ಕುಡಿಯುವುದಿಲ್ಲ. ತಿಳಿಯಾಗಿದ್ದ ಪಟ್ಟಿ ಕಪ್ಪಾಗಿ ಮರದ ಚಿತ್ರವೇ ತಲೆಕೆಳಗಾಗುತ್ತದೆ. ಸ್ಟೇನ್‌ಗೆ, ಅಂದರೆ ಮರ ಕುಡಿಯುವ ಬಣ್ಣಕ್ಕೆ, ಮೊದಲು ಮೇಣ ತೆಗೆದ ಅರಗನ್ನು ಸ್ಪಿರಿಟ್‌ನಲ್ಲಿ ತೆಳ್ಳಗೆ ಕಲಸಿ ಒಂದು ಕೈ ಹಚ್ಚಿದರೆ ಹೀರುವಿಕೆ ಸಮನಾಗುತ್ತದೆ. ಜೆಲ್ ಸ್ಟೇನ್ ಸಿಕ್ಕರೆ ಇನ್ನೂ ಸುಲಭ. ಗಾಢ ಬಣ್ಣವೇ ಬೇಕಿದ್ದರೆ ಪೈನ್ ಯಾಕೆ ಕೊಂಡಿರಿ ಎಂದು ನಾನು ಕೇಳಿಯೇ ಕೇಳುತ್ತೇನೆ.

ಬಿಳಿ ಪೇಂಟ್ ಮಾಡಿಸಿದ್ವಿ, ಆರು ತಿಂಗಳಿಗೆ ಗಂಟುಗಳು ಹಳದಿಯಾಗಿ ಇಣುಕ್ತಿವೆ.

ಗಂಟಿನೊಳಗಿನ ರಾಳ, ಬಣ್ಣ ಮೇಲಕ್ಕೆ ಬರುತ್ತಿವೆ. ಇನ್ನೆರಡು ಕೋಟ್ ಪೇಂಟ್ ಹಚ್ಚಿದರೂ ಬರುತ್ತವೆ. ಗಂಟಿನ ಜಾಗ ಉಜ್ಜಿ, ಅರಗಿನ ಪ್ರೈಮರ್ ಎರಡು ಸಲ ಹಚ್ಚಿ ಆಮೇಲೆ ಪೇಂಟ್. ಬಿಸಿಲು ಬೀಳುವ ಕಿಟಕಿಯ ಬಳಿ ಅಂಟಂಟು ಹನಿ ಒಸರುತ್ತಿದ್ದರೆ ಭಟ್ಟಿಯಲ್ಲಿ ಸಾಕಷ್ಟು ಕಾಯಿಸಿಲ್ಲ. ಸುಮಾರು 71 ಡಿಗ್ರಿಗೆ ಏರಿಸಿ ಒಣಗಿಸಿದರೆ ರಾಳ ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ.

ಯಾವ ಫಿನಿಶ್ ಮಾಡಿಸಲಿ? ಬಣ್ಣ ಹಳದಿ ಆಗಬಾರದು.

ಪೂರ್ತಿ ತಡೆಯಲಾಗದು. ಬೆಳಕು ಬಿದ್ದ ಪೈನ್ ಜೇನಿನ ಬಣ್ಣಕ್ಕೆ ತಿರುಗಿಯೇ ತಿರುಗುತ್ತದೆ. ನಿಧಾನವಾಗಲಿ ಎಂದರೆ ನೀರು ಆಧಾರಿತ ಮ್ಯಾಟ್ ಪಿಯು. ಎಣ್ಣೆ ಆಧಾರಿತ ಪಿಯು ಹಚ್ಚಿದ ದಿನವೇ ಹಳದಿ ಛಾಯೆ ಕೊಡುತ್ತದೆ. ಗೀರು ಬಿದ್ದಾಗ ಮನೆಯಲ್ಲೇ ಸರಿಮಾಡಿಕೊಳ್ಳುವ ಉಮೇದು ಇದ್ದರೆ ಮೇಣ ಬೆರೆಸಿದ ಹಾರ್ಡ್‌ವ್ಯಾಕ್ಸ್ ಎಣ್ಣೆ ನನ್ನ ಆಯ್ಕೆ. ಬರೀ ಅಗಸೆ ಎಣ್ಣೆ ಕರಾವಳಿಯಲ್ಲಿ ಬೂಸ್ಟಿಗೆ ಊಟ ಹಾಕಿದಂತೆ. ಇನ್ನು ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ನಾವು ಅಮೆರಿಕದಲ್ಲಿದ್ದೀವಿ. ಇಲ್ಲಿ ಪೈನ್ ಎಲ್ಲಾ ಕಡೆ ಸಿಗತ್ತೆ, ಅದೇ ಮರನಾ?

ಪೈನ್ ಎಂಬ ಹೆಸರಲ್ಲಿ ಅಲ್ಲಿ ಹಲವು ಮರ. ಈಸ್ಟರ್ನ್ ವೈಟ್ ಪೈನ್ ಜಾಂಕಾ ಅಳತೆಯಲ್ಲಿ 380ರಷ್ಟು ಮಾತ್ರ, ಉಗುರಿಗೂ ಸೋಲುತ್ತದೆ. ದಕ್ಷಿಣದ ಯೆಲ್ಲೋ ಪೈನ್‌ಗಳು 690ರಿಂದ 870, ಟೀಪಾಯಿಗೆ ಅವೇ ವಾಸಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಬಳ್ಳಾರಿಯ ಏಪ್ರಿಲ್‌ಗಿಂತ ಒಣ. ಟೇಬಲ್ ಅನ್ನು ಬಿಸಿಗಾಳಿ ಬರುವ ಕಿಂಡಿಯಿಂದ ದೂರ ಇಡಿ.

ಹತ್ತು ವರ್ಷದ ಹಳೆ ಪೈನ್ ಟೇಬಲ್ ಇದೆ. ಉಜ್ಜಿಸಿ ಹೊಸದು ಮಾಡಿಸಬಹುದಾ, ಎಸೆದುಬಿಡೋದಾ?

ಸಾಲಿಡ್ ಆಗಿದ್ದರೆ ಎಸೆಯಬೇಡಿ. 80ನೇ ನಂಬರಿನಿಂದ ಶುರುಮಾಡಿ 120, 180ರ ಮರಳುಕಾಗದದವರೆಗೆ ನಾರಿನ ದಿಕ್ಕಿನಲ್ಲೇ ಉಜ್ಜಿದರೆ ಒಂದು ಮಿಲಿಮೀಟರಿನೊಳಗೆ ತಿಳಿ ಮರ ಮತ್ತೆ ಸಿಗುತ್ತದೆ. ಕೈಯಲ್ಲಿ ಉಜ್ಜುವಾಗ ಕಾಗದವನ್ನು ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬರಿ ಬೆರಳಲ್ಲಿ ಉಜ್ಜಿದರೆ ಮೆದು ಪಟ್ಟಿ ಸವೆದು, ಗಡಸು ಪಟ್ಟಿ ಏಣಾಗಿ ಉಳಿಯುತ್ತದೆ. ಮೊದಲು ಕಾಲುಗಳ ಜೋಡಣೆ ಅಲ್ಲಾಡುತ್ತಿದೆಯೇ ನೋಡಿ ಅದನ್ನು ಸರಿಮಾಡಿಸಿ, ಆಮೇಲೆ ಉಜ್ಜುವ ಕೆಲಸ. ವಿನಿಯರ್ ಆಗಿದ್ದರೆ ಉಜ್ಜಲು ಉಳಿದಿರುವುದು ಅರ್ಧ ಮಿಲಿಮೀಟರಿಗೂ ಕಡಿಮೆ, ಅದಕ್ಕೆ ಪೇಂಟೇ ಗತಿ.